ಕೇಳದೆ ಇಟ್ಟ ಭಾರ

ಕೊಟ್ರೇಶಿ ಮನೆ ಬಿಟ್ಟು ನಡೆದದ್ದು ಮಣ್ಣೆತ್ತಿನ ಅಮಾಸಿಯ ದಿನ.

ಊರ ಮಂದಿಯೆಲ್ಲ ಕರಿಮಣ್ಣು ತಂದು, ಜೋಡೆತ್ತು ಮಾಡಿ, ಜೋಳದ ಕಾಳಿನ ಕಣ್ಣು ಇಟ್ಟು ಪೂಜೆಗೆ ಕೂಡಿಸುವ ದಿನ ಅದು. ಅವತ್ತು ಸಾಲಿಯಲ್ಲಿ ಮಾಸ್ತರ ಅವನನ್ನು ಬಗ್ಗಿಸಿ ನಿಲ್ಲಿಸಿ ಬೆನ್ನ ಮೇಲೆ ಕಲ್ಲು ಹೇರಿದ್ದ. ಕಲ್ಲು ಬಿದ್ದರೆ ಬೆತ್ತ. ವರ್ಗದ ಹುಡುಗರೆಲ್ಲ ಬಾಯಿಗೆ ಪಾಟಿ ಅಡ್ಡ ಹಿಡಿದು ನಗುತ್ತಿದ್ದರು.

ಕೊಟ್ರೇಶಿ ಬಹಳ ಹೊತ್ತು ಹಾಗೇ ನಿಂತ. ಆಮೇಲೆ ನೆಟ್ಟಗಾದ.

ಕಲ್ಲು ದಪ್ಪನೆ ಬಿತ್ತು. ಬೆತ್ತ ಮೇಲೇಳುವುದರೊಳಗೆ ಹುಡುಗ ಬಾಗಿಲು ದಾಟಿದ್ದ. ಮನೆಯ ಮುಂದೆ ಹಾದ, ನಿಲ್ಲಲಿಲ್ಲ. ಊರ ಅಗಸಿ ಬಾಗಿಲು ದಾಟಿದ, ತಿರುಗಿ ನೋಡಲಿಲ್ಲ.

ಅವತ್ತು ಹಿಡಿದ ದಾರಿ ಎಲ್ಲೂ ಮುಗಿಯಲಿಲ್ಲ. ಕುರಿ ಹಿಂಡಿನ ಹಿಂದೆ ಹೋದ. ಲಾರಿಯಲ್ಲಿ ಕ್ಲೀನರ್ ಆದ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಕಡಿದ, ಹೊತ್ತ. ಕಡೆಗೆ ಕಂಬಳಿ ಮಾರುವ ಕೆಲಸ ಅವನ ಮೈಗೆ ಒಗ್ಗಿತು. ಗಂಟು ಬೆನ್ನಿಗೇರಿಸಿದರೆ ಅದೇ ಮನೆ, ಕೆಳಗಿಳಿಸಿದರೆ ಅದೇ ಅಂಗಡಿ. ಒಂದೂರಿನಲ್ಲಿ ಎರಡನೇ ಸಲ ಚಹಾ ಕುಡಿದರೆ ಅವನಿಗೆ ಕಾಲು ತುರಿಸುತ್ತಿತ್ತು.

ತಲೆ ನೆರೆತ ಮೇಲೆ ಒಂದು ಮುಂಜಾನೆ, ಯಾವುದೋ ಊರಿನ ಗುಡಿಕಟ್ಟೆಯ ಮೇಲೆ, ಗಂಟು ಎತ್ತಲು ಬಗ್ಗಿದ.

ಬೆನ್ನು ಹಿಡಿಯಿತು. ಗಂಟು ಏಳಲಿಲ್ಲ. ಅವನೂ ಏಳಲಿಲ್ಲ.

ಡಾಕ್ಟರು ಫೋಟೋ ತೆಗೆದು ನೋಡಿ, "ಎಲುಬಿನಾಗ ಏನೂ ಇಲ್ಲ" ಅಂದರು.

"ಏನೂ ಇಲ್ಲಾಂದ್ರ ಇದು ಯಾರ ನೋವ್ರೀ? ನಿಮ್ಮದೇನು?" ಎಂದು ಜಗಳ ತೆಗೆದು ಹೊರಬಿದ್ದ.

ಚಹಾದಂಗಡಿಯವನು ಮಾತು ತೆಗೆದ. "ಹೊಳೆದಂಡಿ ಅಜ್ಜನ ಆಶ್ರಮದಾಗ ಯೋಗ ಶಿಬಿರ ನಡದೈತಿ. ಬೆನ್ನಿನ ನೋವಿಗೂ, ಮನಸಿನ ನೋವಿಗೂ."

"ನನ್ನ ಮನಸಿಗೆ ಏನಾಗೇತಲೇ?"

"ಮನಸು ಇಲ್ಲೇ ಬಿಡು ಮಾರಾಯ. ಬೆನ್ನರ ತಗೊಂಡು ಹೋಗು."

ಹೋಗದೆ ಗತಿಯಿರಲಿಲ್ಲ. ಗಂಟು ಹೊರದ ಕೊಟ್ರೇಶಿ ಅಂದರೆ ಒಂದೇ ಊರಿನಲ್ಲಿ, ಒಂದೇ ಕಟ್ಟೆಯ ಮೇಲೆ, ಕಂಡವರು ಕೊಟ್ಟದ್ದು ತಿಂದು ಕೂರುವ ಕೊಟ್ರೇಶಿ. ಅದಕ್ಕಿಂತ ಸಾವು ಚಲೋ ಅಂದುಕೊಂಡೇ ಅವನು ಟೆಂಪೋ ಹತ್ತಿದ.

*

ಆಶ್ರಮದ ಅಂಗಳದಲ್ಲಿ ಮುದುಕನೊಬ್ಬ ಕಸ ಕೀಳುತ್ತಿದ್ದ. ಬೆನ್ನು ಕುಡಗೋಲಿನ ಹಾಗೆ ಬಾಗಿತ್ತು.

"ಯಜಮಾನ್ರ, ಇಲ್ಲಿ ಮಂದಿ ಬೆನ್ನು ನೆಟ್ಟಗ ಮಾಡೋ ಅಜ್ಜಾರು ಎಲ್ಲಿದಾರ?"

"ನಾನ."

ಕೊಟ್ರೇಶಿ ಮೇಲಿಂದ ಕೆಳಗೆ ನೋಡಿದ.

"ನಿಮ್ಮದ ನೆಟ್ಟಗಿಲ್ಲಲ್ರಿ!"

"ಕಸ ಕೀಳಾಕ ಇದ ಚಲೋ."

"ಹಿಂಗಾದ್ರ ನಾ ಯಾರ್ನ ನಂಬಬೇಕು?"

"ಊಟ ಆಗಿಲ್ಲಲ್ಲ?" ಅಜ್ಜ ಕೈಯ ಮಣ್ಣು ಕೊಡವಿದ. "ಸದ್ಯ ರೊಟ್ಟಿ ನಂಬು. ಉಳದದ್ದು ನಾಳೆ ನೋಡೂಣು."

ಕೊಟ್ರೇಶಿ ರೊಟ್ಟಿ ನಂಬಿದ.

*

ಶಿಬಿರ ನಡೆಸುವವನು ಅಜ್ಜನ ಶಿಷ್ಯ ಸಂಗಯ್ಯ. ವಯಸ್ಸಿನಲ್ಲಿ ಕೊಟ್ರೇಶಿಗಿಂತ ಬಹಳ ಸಣ್ಣವನು. ಬಿಳಿ ಅಂಗಿ, ಮೆತ್ತನೆಯ ದನಿ. ಅವನು "ಉಸಿರು ಬಿಡ್ರಿ" ಅಂದರೆ ಮಂದಿ ಉಸಿರಿನ ಜೊತೆ ಕಣ್ಣೀರನ್ನೂ ಬಿಡುತ್ತಿದ್ದರು.

ಮುಂಜಾನೆ ಆಸನ. ಹೊಟ್ಟೆಯ ಮೇಲೆ ಮಲಗುವುದು, ಮೊಸಳೆಯ ಹಾಗೆ. ಮಂಡಿಯೂರಿ ಕೂತು ಹಣೆಯನ್ನು ನೆಲಕ್ಕೆ ಮುಟ್ಟಿಸುವುದು, ಮೊಲದ ಹಾಗೆ. ಮೊಸಳೆ ಕೊಟ್ರೇಶಿಗೆ ಬಂತು. ಮೊಲ ಬರಲಿಲ್ಲ. ಅರ್ಧ ಬಗ್ಗುತ್ತಿದ್ದಂತೆ ಒಳಗೆ ಯಾರೋ ಅಗಳಿ ಹಾಕಿದ ಹಾಗೆ ಬೆನ್ನು ನಿಂತುಬಿಡುತ್ತಿತ್ತು.

ಮಧ್ಯಾಹ್ನ ಎಲ್ಲರೂ ದುಂಡಗೆ ಕೂತು ಮನಸ್ಸಿನ ನೋವು ಹೇಳಿಕೊಳ್ಳುವುದು.

ಲೀಲಾವತಿ ಎಂಬ ಅಕ್ಕೋರು ಇದ್ದರು. ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಅವರದು ಸೊಂಟದ ನೋವು. "ಮನಿಯಾಗ ಹುಡುಗರ ಗದ್ದಲ ಇಲ್ಲದೇ ಕಿವಿ ಬಿಕೋ ಅಂತಾವ" ಎಂದು ಅವರು ಸೆರಗಿನಿಂದ ಕಣ್ಣೊರಸಿಕೊಂಡರು.

ಸರತಿ ಕೊಟ್ರೇಶಿಗೆ ಬಂತು.

"ನಿಮ್ಮ ನೋವು ಹೇಳ್ರಿ ಅಣ್ಣಾರ," ಸಂಗಯ್ಯ ಅಂದ.

"ನನ್ನ ನೋವು ಬೆನ್ನಾಗ ಐತ್ರಿ ಅಯ್ಯನವರ. ಬಾಯಾಗಿಲ್ಲ."

ಮಂದಿ ನಕ್ಕರು. ಸಂಗಯ್ಯನೂ ನಕ್ಕ.

"ಬೆನ್ನು ಅಂದ್ರ ಮನಸಿನ ಗೋದಾಮು. ಹಳೇ ಮಾಲು ಎಲ್ಲಾ ಅಲ್ಲೇ ಬಿದ್ದಿರತೈತಿ."

"ಇರ್ಲಿ ಬಿಡ್ರಿ. ನನ್ನ ಗೋದಾಮಿಗೆ ನಾ ಕೀಲಿ ಹಾಕೀನಿ."

ದಿನಾ ಸರತಿ ಬರುತ್ತಿತ್ತು. ದಿನಾ ಕೀಲಿಯ ಮಾತೇ ಆಗುತ್ತಿತ್ತು.

*

ಒಂದು ಮುಂಜಾನೆ ಬೆನ್ನು ಸ್ವಲ್ಪ ಸಡಿಲಿಸಿತು.

ಕೊಟ್ರೇಶಿ ಮಂಡಿಯೂರಿ ಬಗ್ಗಿದ. ಬಗ್ಗಿದ. ಇನ್ನೂ ಬಗ್ಗಿದ. ಹಣೆಗೂ ನೆಲಕ್ಕೂ ನಡುವೆ ಒಂದು ಗೇಣು ಉಳಿಯಿತು. ಅವನಿಗೇ ನಂಬಿಕೆ ಬರಲಿಲ್ಲ. ಕಣ್ಣು ಮುಚ್ಚಿ ಉಸಿರು ಬಿಟ್ಟ. ಸಗಣಿ ಸಾರಿಸಿದ ನೆಲದ ವಾಸನೆ ಮೂಗಿಗೆ ಬಡಿಯಿತು.

ಅವನ ಸಾಲಿಯ ನೆಲವೂ ಸಗಣಿ ಸಾರಿಸಿದ್ದೇ.

ಹೀಗೆ ಬಗ್ಗಿದವರ ಸೊಂಟದ ಮೇಲೆ ಮರಳಿನ ಸಣ್ಣ ಚೀಲ ಇಡುವುದು ಆ ಆಶ್ರಮದ ರೂಢಿ. ಹಿತವಾದ ಭಾರ ಬಿದ್ದರೆ ಹುರಿಗೊಂಡ ನರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿಂದಿನಿಂದ ಬಂದು, ಸಪ್ಪಳವಿಲ್ಲದೆ, ಧ್ಯಾನ ಕದಲದ ಹಾಗೆ ಇಡಬೇಕು. ಅಷ್ಟು ದಿನ ಕೊಟ್ರೇಶಿ ಬಗ್ಗಿರಲಿಲ್ಲ, ಆದ್ದರಿಂದ ಅವನ ಮೇಲೆ ಚೀಲ ಬಂದಿರಲಿಲ್ಲ.

ಅವತ್ತು ಬಂತು.

ಬೆನ್ನ ಮೇಲೆ ಭಾರ ಕೂತದ್ದೇ ತಡ, ಕೊಟ್ರೇಶಿ ಚೀರಿದ. ಗಾಯಗೊಂಡ ಹೋರಿಯ ಹಾಗೆ ಎದ್ದ. ಚೀಲ ಹಿಡಿದು ಬೀಸಿ ಒಗೆದ. ಅದು ಕಂಬಕ್ಕೆ ಬಡಿದು ಹರಿಯಿತು. ಮರಳು ಲೀಲಾವತಿ ಅಕ್ಕೋರ ತಲೆಯ ಮೇಲೆ, ಸಂಗಯ್ಯನ ಬಿಳಿ ಅಂಗಿಯ ಮೇಲೆ, ಕಣ್ಣು ಮುಚ್ಚಿ ಕೂತ ಎಲ್ಲರ ಮೇಲೆ ಸುರಿಯಿತು.

"ಯಾವನಲೇ ಅಂವಾ ಬೆನ್ನ ಮ್ಯಾಲ ಇಟ್ಟಾಂವ!"

ಮಂದಿ ಕಣ್ಣು ಬಿಟ್ಟು ಹಿಂದೆ ಸರಿದರು.

ಸಂಗಯ್ಯ ಮೆಲ್ಲಗೆ ಮುಂದೆ ಬಂದ. "ನಾನ್ರಿ ಅಣ್ಣಾರ. ನಿಮ್ಮ ಒಳ್ಳೇದಕ್ಕ."

"ಒಳ್ಳೇದಕ್ಕ!" ಕೊಟ್ರೇಶಿ ಕೂಗಿದ. "ಬೆನ್ನ ಮ್ಯಾಲ ಭಾರ ಇಡೋರೆಲ್ಲಾ ಒಳ್ಳೇದಕ್ಕ ಇಡ್ತೀರಿ. ಅಂವಾನೂ ಹಂಗ ಅಂದಿದ್ದ."

"ಯಾರು?"

"ಮಾಸ್ತರ! ಬಗ್ಗಿಸಿ ಕಲ್ಲು ಹೇರಿದಾಂವ!"

ಕೀಲಿ ತೆರೆಯಿತು ಅಂದುಕೊಂಡ ಸಂಗಯ್ಯ. ಅವನ ಮುಖ ಅರಳಿತು. "ನೋಡ್ರಿ, ಇದ ನಿಮ್ಮ ಬೆನ್ನುನೋವು. ಸಿಟ್ಟು. ಕಣ್ಣು ಮುಚ್ರಿ. ಆ ಮಾಸ್ತರನ್ನ ಎದುರಿಗೆ ಕರೀರಿ. ಕ್ಷಮಿಸಿಬಿಡ್ರಿ. ಹಗುರಾಗ್ತೀರಿ."

"ನಾ ಯಾಕ ಕ್ಷಮಿಸಲಿ?"

"ಅಣ್ಣಾರ..."

"ಅಲ್ರೀ ಅಯ್ಯನವರ, ನನಗ ಇದೊಂದು ತಿಳಿವಲ್ದು. ಹೊಡದಾಂವ ಮನಿಯಾಗ ಉಂಡು ಸುಖವಾಗಿ ಮಲಗಿದ. ಅಂವಗ ಯಾವ ಶಿಬಿರಾನೂ ಇಲ್ಲ. ಹೊಡಿಸಿಕೊಂಡಾಂವ ಊರೂರು ತಿರುಗಿ, ಬೆನ್ನು ಹಿಡಿಸಿಕೊಂಡು, ಇಲ್ಲಿ ಬಂದು ಮೊಲದಂಗ ಕುಂತು, ಉಸಿರೆಳೆದು, ಮತ್ತ ಕ್ಷಮಿಸೋ ಕೆಲಸಾನೂ ನನಗ ಹಚ್ತೀರಿ? ಅಂವಂದು ಏನೂ ಕೆಲಸ ಇಲ್ಲೇನು?"

ಸಂಗಯ್ಯ ಹರಿದ ಚೀಲ ಎತ್ತಿಕೊಂಡ.

ಲೀಲಾವತಿ ಅಕ್ಕೋರು ಕೂದಲಿನ ಮರಳು ಕೊಡವುತ್ತ ಅಂದರು, "ಹಂಗ ಅನಬ್ಯಾಡಪ್ಪ. ಆಗಿನ ಕಾಲ ಹಂಗಿತ್ತು. ನಾವೂ ಹೊಡದೀವಿ, ಕಲ್ಲೂ ಇಟ್ಟೀವಿ. ಪೆಟ್ಟು ತಿಂದ ಹುಡುಗರೇ ಮುಂದ ಮನಷ್ಯಾರಾದ್ರು."

ಕೊಟ್ರೇಶಿ ಅವರ ಕಡೆ ತಿರುಗಿದ.

"ನನ್ನ ನೋಡ್ರಿ ಅಕ್ಕೋರ. ಆಗೀನೇನು?"

ಅಕ್ಕೋರು ಕಣ್ಣು ಕೆಳಗೆ ಮಾಡಿದರು.

*

ಸಂಗಯ್ಯ ಅಜ್ಜನ ಹತ್ತಿರ ಓಡಿದ. ಅಜ್ಜ ಕಸ ಕೀಳುತ್ತಲೇ ಇದ್ದ.

"ಅಜ್ಜಾರ, ಆ ಕಂಬಳಿ ಮಾರಾಂವನ್ನ ಕಳಿಸಿಬಿಡ್ರಿ. ಶಿಬಿರದ ಶಾಂತಿ ಹಾಳು ಮಾಡಿದ."

"ಅಷ್ಟಕ್ಕ ಹಾಳಾಗೋ ಶಾಂತಿ ಇಟ್ಟುಕೊಂಡು ಏನು ಮಾಡಾಂವ?"

"ಚೀಲ ಹರದಾನ್ರಿ."

"ಹೊಲಿಸೂಣು. ಕಳಿಸಿಲ್ಲಿ ಅವನ್ನ."

ಕೊಟ್ರೇಶಿ ಬಂದ. ಬೈಯುತ್ತಾರೆ ಅಂದುಕೊಂಡು ಮೊದಲೇ ಮುಖ ಬಿಗಿದು ಬಂದ.

"ಹೊಲಿಯಾಕ ಬರ್ತೈತೇನು ತಮ್ಮಾ?"

"ಕಂಬಳಿ ಹೊಲಿಯೋನಿಗೆ ಚೀಲ ಯಾವ ಲೆಕ್ಕ?"

"ದಬ್ಬಣ ತಗೊಂಡು ನಡಿ ಹೊಳಿಗೆ."

ಇಬ್ಬರೂ ನಡೆದರು. ಒಬ್ಬ ಬಗ್ಗಲಾರದವನು, ಇನ್ನೊಬ್ಬ ನೆಟ್ಟಗಾಗಲಾರದವನು. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೊರಟ ಹೆಂಗಸು ಇಬ್ಬರನ್ನೂ ನೋಡಿ, "ಅಜ್ಜಾರ, ಜೋಡಿ ಚಲೋ ಕೂಡೇತಿ" ಎಂದು ಚೇಷ್ಟೆ ಮಾಡಿದಳು.

"ಎರಡನ್ನೂ ಕೂಡಿಸಿದ್ರ ಒಬ್ಬ ಸರಿಯಾದ ಮನಷ್ಯಾ ಆಗ್ತಾನ ನೋಡವ್ವಾ" ಅಂದ ಅಜ್ಜ.

*

ಕೊಟ್ರೇಶಿ ಬಂಡೆಗೆ ಆತು ಕೂತು, ಹರಿದ ಚೀಲವನ್ನು ದಬ್ಬಣದಿಂದ ಒತ್ತೊತ್ತಾಗಿ ಹೊಲಿದ. ಕರಿ ಉಣ್ಣೆಯ ದಾರ, ಬಿಳಿ ಚೀಲ. ಅಜ್ಜ ಚಿಪ್ಪಿನಿಂದ ಮರಳು ಮೊಗೆದು ತುಂಬಿದ. ಬಾಯಿ ಕಟ್ಟಿದ ಮೇಲೆ ಚೀಲವನ್ನು ಕೊಟ್ರೇಶಿಯ ಕೈಗೆ ಕೊಟ್ಟ.

ಆಮೇಲೆ ಮರಳಿನ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಹಚ್ಚಿ ಬಗ್ಗಿದ.

"ಇಡು."

"ಏನಿಡ್ಲಿ?"

"ಚೀಲ. ನನ್ನ ಬೆನ್ನ ಮ್ಯಾಲ."

ಕೊಟ್ರೇಶಿ ಒಂದು ಹೆಜ್ಜೆ ಹಿಂದೆ ಸರಿದ. "ಆಗಂಗಿಲ್ರಿ."

"ಭಾರ ಐತೇನು?"

"ಭಾರದ ಮಾತಲ್ರಿ."

"ಮತ್ತೇನು?"

"ನೀವೇನು ತಪ್ಪು ಮಾಡೀರಂತ ಇಡ್ಲಿ?"

ಅಜ್ಜ ತಲೆ ಎತ್ತಿದ. ಹಣೆಗೆ ಮರಳು ಅಂಟಿತ್ತು.

"ನೀ ಏನು ತಪ್ಪು ಮಾಡಿದ್ದಿ?"

ಕೊಟ್ರೇಶಿ ಚೀಲವನ್ನು ಮರಳಿನ ಮೇಲೆ ಇಳಿಸಿದ.

ಎಷ್ಟೋ ಊರು ತಿರುಗಿದ್ದ. ಎಷ್ಟೋ ಮಂದಿಯ ಜೊತೆ ಉಂಡಿದ್ದ, ಜಗಳಾಡಿದ್ದ. ಎಲ್ಲಿ ನೋಯುತ್ತದೆ ಅಂತ ಡಾಕ್ಟರು ಕೇಳಿದ್ದರು. ಕ್ಷಮಿಸಿಬಿಡ್ರಿ ಅಂತ ಸಂಗಯ್ಯ ಹೇಳಿದ್ದ. ಈ ಮಾತು ಯಾರೂ ಕೇಳಿರಲಿಲ್ಲ. ಕಲ್ಲು ಹೇರಿದವನೂ ಕೇಳಿರಲಿಲ್ಲ.

"ಕೊಂಬು," ಅಂದ ಕಡೆಗೆ.

"ಏನು ಕೊಂಬು?"

"ಮಣ್ಣೆತ್ತಿನ ಕೊಂಬ್ರಿ. ಮಾಸ್ತರು, ಅಮಾಸಿಗೆ ನಮ್ಮ ಮನಿಗೂ ಒಂದು ಜೋಡೆತ್ತು ಮಾಡಿಕೊಡು ಅಂದ್ರು. ಆಗ ನನ್ನ ಕೈ ಭಾಳ ಚಲೋ ಇತ್ರಿ. ಕರಿಮಣ್ಣು ತಂದು, ಹರಳು ಆರಿಸಿ, ಹದ ಮಾಡಿ, ಕುಂತಲ್ಲೆ ಕುಂತು ಮಾಡಿದೆ. ಹೆಗಲಿನ ಹಿಣಲು, ಕೊರಳಿನ ಗಂಗೆದೊಗಲು, ಬಾಲದ ಕುಚ್ಚು, ಎಲ್ಲಾ. ಅಂಥಾ ಎತ್ತು ಊರಾಗ ಯಾರೂ ಮಾಡಿದ್ದಿಲ್ಲ. ಸಾಲಿಗೆ ಒಯ್ದು ಮೇಜಿನ ಮ್ಯಾಲ ಇಟ್ಟೆ."

"ಆಮ್ಯಾಲೆ?"

"ಮಾಸ್ತರ ಮಗ ನನ್ನ ವರ್ಗದಾಗ ಇದ್ದ. ಹಿಡದು ಆಡಾಕ ಹೋಗಿ ಬಲಗಡಿ ಎತ್ತಿನ ಕೊಂಬು ಮುರದ."

"ಮಾಸ್ತರ ಎಲ್ಲಿದ್ದ?"

"ಅಲ್ಲೇ. ಕುರ್ಚಿ ಮ್ಯಾಲ."

"ಕಂಡ್ನೇನು?"

"ಕಂಡ್ರಿ. ಕಣ್ಣಾರೆ ಕಂಡ." ಕೊಟ್ರೇಶಿಯ ಮಾತಿನಿಂದ ಮಾಸ್ತರನ ಮರ್ಯಾದೆ ತಾನಾಗಿ ಕಳಚಿ ಬಿತ್ತು. "ಕಂಡು, ಮಗನ್ನ ಏನೂ ಅನ್ಲಿಲ್ಲ. ನನ್ನ ಕಿವಿ ಹಿಡದು, ಕೊಂಬು ಮುರದ ಎತ್ತು ತಂದು ನನ್ನ ಮನಿಗೆ ಅಪಶಕುನ ಮಾಡ್ತಿಯೇನಲೇ, ನಿನ್ನ ಒಳ್ಳೇದಕ್ಕ ಹೇಳ್ತೀನಿ, ಬಗ್ಗು ಅಂದ. ಬಗ್ಗಿದೆ. ಕಲ್ಲು ಹೇರಿದ. ಅಂವನ ಮಗಾನೂ ನಿಂತು ನಕ್ಕ."

ಅಜ್ಜ ಹಣೆಯ ಮರಳು ಒರೆಸಿ, ಪಕ್ಕದಲ್ಲಿದ್ದ ಊರುಗೋಲು ಹತ್ತಿರ ಎಳೆದುಕೊಂಡ. ಹೊಳೆ ಹರಿಯುತ್ತಿತ್ತು.

ಇನ್ನು ಅಜ್ಜ ಹೇಳುತ್ತಾನೆ ಅಂದುಕೊಂಡ ಕೊಟ್ರೇಶಿ. ಬಿಟ್ಟುಬಿಡು, ನೀರಿನ ಹಾಗೆ ಹರಿದುಹೋಗಲಿ ಅನ್ನುತ್ತಾನೆ. ಹಾಗೆ ಅಂದುಬಿಟ್ಟರೆ ಇವತ್ತೇ ಗಂಟು ಕಟ್ಟುವುದು, ಎಳೆದುಕೊಂಡಾದರೂ ಹೋಗುವುದು.

ಅಜ್ಜ ಕೋಲೂರಿ ಎದ್ದ. ಮುಖ ಕೆಂಪಾಗಿತ್ತು. ಕೋಲೆತ್ತಿ ಬಂಡೆಗೆ ಒಂದು ಬಿಟ್ಟ.

"ಹಲ್ಕಟ್!"

ದಂಡೆಯ ಕೊಕ್ಕರೆಗಳು ಹಾರಿಹೋದವು.

"ಹಲ್ಕಟ್ ಮಾಸ್ತರ! ಕಣ್ಣಾರೆ ಕಂಡೂ? ಕೂಸಿನ ಬೆನ್ನ ಮ್ಯಾಲ?" ಇನ್ನೊಂದು ಬಿಟ್ಟ. ಕೋಲು ಸೀಳಿತು.

ಕೊಟ್ರೇಶಿ ಗಾಬರಿಯಾದ. "ಅಜ್ಜಾರ, ಅಜ್ಜಾರ..."

"ಎಂಥಾ ಮಣ್ಣು ಹದ ಮಾಡಿದ್ದಿ ನೀನು! ಹಿಣಲು ಮಾಡಿದ್ದಿ! ಕುಚ್ಚು ಮಾಡಿದ್ದಿ! ಅದನ್ನ ನೋಡಿ ಕೈಮುಗಿಯೋದು ಬಿಟ್ಟು..."

"ಸಮಾಧಾನ ಮಾಡ್ಕೊಳ್ರಿ ಅಜ್ಜಾರ. ಹಳೇದಾತು."

"ಹಳೇದಾದ್ರ ನ್ಯಾಯ ಆಗತೈತೇನು?"

"ಹೋಗ್ಲಿ ಬಿಡ್ರಿ..."

"ಯಾಕ ಬಿಡ್ಲಿ? ಯಾಕ ಬಿಡಬೇಕು?"

"ಉಸಿರು... ಉಸಿರು ತಗೊಳ್ರಿ. ಮೆಲ್ಲಕ ಬಿಡ್ರಿ..."

ಅಂದವನು ತಟ್ಟನೆ ನಿಂತ. ತನ್ನ ಬಾಯಿಂದ ಬರುತ್ತಿರುವುದು ಸಂಗಯ್ಯನ ಮಾತು ಎಂದು ಅವನಿಗೆ ಗೊತ್ತಾಯಿತು.

ಮೊದಲು ನಗು ಬಂತು. ಹೊಟ್ಟೆ ಹಿಡಿದು ನಕ್ಕ. ನಗು ಅರ್ಧ ದಾರಿಯಲ್ಲಿ ಬೇರೆಯಾಯಿತು. ಅದು ಎಲ್ಲಿತ್ತೋ, ಎಷ್ಟು ವರ್ಷದ್ದೋ, ಗೋದಾಮಿನ ಬಾಗಿಲು ಮುರಿದುಕೊಂಡು ಬಂತು. ಕೊಟ್ರೇಶಿ ಮಂಡಿಯೂರಿ ಕುಸಿದ. ಹಣೆ ಮರಳಿಗೆ ಹಚ್ಚಿ, ಸಾಲಿ ಹುಡುಗನ ಹಾಗೆ ಬಿಕ್ಕಿದ.

ಅಜ್ಜ ಸೀಳಿದ ಕೋಲು ಹಿಡಿದು ಪಕ್ಕದಲ್ಲಿ ಕೂತ. ಬೆನ್ನ ಮೇಲೆ ಕೈಯಿಡಲಿಲ್ಲ.

ಬಹಳ ಹೊತ್ತಿನ ಮೇಲೆ ಅಂದ, "ಹಣಿ ಎಲ್ಲೈತಿ ನೋಡು."

ಹಣೆ ನೆಲದ ಮೇಲೆ ಇತ್ತು.

*

ಮರುದಿನ ಮುಂಜಾನೆ ಅಜ್ಜ ಶಿಬಿರಕ್ಕೆ ಬಂದು ಕಂಬಕ್ಕೆ ಆತು ಕೂತ.

"ಸಂಗಯ್ಯ, ಇವತ್ತಿಂದ ಚೀಲ ಇಡೋಕಿಂತ ಮೊದಲ ಎದುರಿಗೆ ಬಂದು ಕುಂದ್ರು. ನಿನ್ನ ಮುಖ ಅವರಿಗೆ ಕಾಣಬೇಕು. ಇಡ್ಲೇನು ಅಂತ ಕೇಳು."

"ಧ್ಯಾನ ಮುರೀತೈತ್ರಿ ಅಜ್ಜಾರ."

"ಮುರೀಲಿ."

"ಇಷ್ಟು ವರ್ಷ ಹಿಂಗ ಇಟ್ಟೀನಿ. ಯಾರೂ ಒಂದ ಮಾತು ಅಂದಿಲ್ಲ."

"ಅಂದಿಲ್ಲ ಅಂದ್ರ ಒಪ್ಪ್ಯಾರ ಅಂತೇನು? ಬೆನ್ನಿಗೆ ಬಾಯಿಲ್ಲ. ಅದಕ್ಕ ಎದುರಿಗೆ ಬಂದು ಕೇಳು."

"ಹಿಂದಿನಿಂದ ಬಂದು ಇಡು ಅಂತ ನನಗ ಕಲಿಸಿದವರು ನೀವ!" ಸಂಗಯ್ಯನಿಗೂ ಸಿಟ್ಟು ಬಂದಿತ್ತು.

ಅಜ್ಜ ಕಂಬ ಹಿಡಿದು ಎದ್ದ.

"ಹಂಗಾದ್ರ ಚೀಲ ನನ್ನ ಕೈಯಾಗ ಕೊಡು. ನಾನ ಕೇಳ್ತೀನಿ. ನೀ ನೋಡ್ಕೊಂತ ನಿಂದ್ರು."

ಅಜ್ಜ ಒಬ್ಬೊಬ್ಬರ ಎದುರಿಗೆ ಹೋಗಿ ಕೂತ. ಬಾಗಿದ ಬೆನ್ನಿಗೆ ಅವರ ಮುಖದ ಮಟ್ಟಕ್ಕೆ ಬರುವುದು ಸಲೀಸಾಗಿತ್ತು.

"ಇಡ್ಲೇನವ್ವಾ?"

"ಇಡ್ರಿ."

"ಇಡ್ಲೇನಪ್ಪ?"

"ಇವತ್ತು ಬ್ಯಾಡ್ರಿ."

ಲೀಲಾವತಿ ಅಕ್ಕೋರ ಎದುರು ಕೂತ. "ಇಡ್ಲೇನು?"

"ಬ್ಯಾಡ್ರಿ ಅಜ್ಜಾರ. ನನಗದು ಮೊದಲಿಂದ್ಲೂ ಸೇರತಿದ್ದಿಲ್ಲ."

ಸಂಗಯ್ಯ ಬೆರಗಾದ. "ಮತ್ತ ಇಷ್ಟು ದಿನ ಯಾಕ ಸುಮ್ಮನಿದ್ರಿ ಅಕ್ಕೋರ?"

"ಕಲಿಸೋರಿಗೆ ಬ್ಯಾಡ ಅಂತ ಹೆಂಗ ಅನ್ನೋದು?"

ಅಂದದ್ದು ತಮ್ಮ ಕಿವಿಗೇ ಬಿದ್ದು ಅಕ್ಕೋರು ಬೆಚ್ಚಿದರು. ಅವರ ಕಣ್ಣು ಕೊಟ್ರೇಶಿಯನ್ನು ಹುಡುಕಿ, ಸಿಕ್ಕ ಕೂಡಲೆ ಬೇರೆ ಕಡೆ ಹೋಯಿತು.

ಅಜ್ಜ ಕೊಟ್ರೇಶಿಯ ಎದುರಿಗೆ ಬಂದ. "ಇಡ್ಲೇನು ತಮ್ಮಾ?"

"ಬ್ಯಾಡ."

ಎಷ್ಟು ಸಣ್ಣ ಮಾತು. ಕೊಟ್ರೇಶಿ ಅದನ್ನು ಬೆಲ್ಲದ ಹಾಗೆ ಬಾಯಲ್ಲಿ ಹೊರಳಿಸಿದ. ಮರುದಿನವೂ ಬ್ಯಾಡ ಅಂದ. ಅದರ ಮರುದಿನ ಕೇಳಲು ಬಂದವನು ಸಂಗಯ್ಯ. ಮರಳು ಬಿದ್ದ ಅದೇ ಅಂಗಿ, ಒಗೆದು ಹಾಕಿಕೊಂಡಿದ್ದ. ಎದುರಿಗೆ ಕೂತು, ಮುಖ ತೋರಿಸಿ, ಕೇಳಿದ.

"ಇಡ್ಲೇನ್ರಿ ಅಣ್ಣಾರ?"

"ಬ್ಯಾಡ್ರಿ ಅಯ್ಯನವರ. ಕೇಳಿದ್ದು ಸಾಕು."

ಅವತ್ತು ಮೊಲ ತಾನಾಗಿ ಬಂತು.

*

ನೀರಿನ ಹಂಡೆಯ ಹತ್ತಿರ ಲೀಲಾವತಿ ಅಕ್ಕೋರು ಅವನನ್ನು ಹಿಡಿದು ನಿಲ್ಲಿಸಿದರು.

"ಕೊಟ್ರೇಶಿ, ಅವತ್ತು ನಾ ಹಂಗ ಅನ್ನಬಾರದಿತ್ತು."

"ಯಾವುದು?"

"ಮನಷ್ಯಾರಾದ್ರು ಅಂತ ಅಂದದ್ದು." ಅಕ್ಕೋರು ತಂಬಿಗೆಯನ್ನು ಸುಮ್ಮನೆ ತಿರುವಿದರು. "ನಾನೂ ಸಣ್ಣ ಹುಡುಗರ ಬೆನ್ನ ಮ್ಯಾಲ ಕಲ್ಲು ಇಟ್ಟೀನಪ್ಪ. ಯಾಕ ಅಂತ ಒಬ್ಬರನ್ನೂ ಕೇಳಲಿಲ್ಲ. ನೀ ನನ್ನ ಕ್ಷಮಿಸಿಬಿಡು."

ಕೊಟ್ರೇಶಿಗೆ ಮತ್ತೆ ಸುರ್ರೆಂದಿತು. ಆದರೆ ಈ ಸಲ ಬೆನ್ನು ಹಿಡಿಯಲಿಲ್ಲ.

"ನಾ ಯಾರ್ರೀ ಕ್ಷಮಿಸಾಕ? ನನ್ನ ಬೆನ್ನ ಮ್ಯಾಲ ನೀವು ಇಟ್ಟಿಲ್ಲ. ಸಿಕ್ಕ ಕಂಬಳಿ ಮಾರಾಂವನ ಕಡಿಂದ ಕ್ಷಮಾ ಇಸಗೊಂಡು ಮನಿಗೆ ಹೋಗಬೇಕಂತ ಮಾಡೀರೇನು? ಯಾರ ಬೆನ್ನ ಮ್ಯಾಲ ಇಟ್ಟೀರಿ, ಅವರ ಮನಿ ಬಾಗಿಲಿಗೆ ಹೋಗ್ರಿ."

"ಅವರು ಬೈದ್ರ?"

"ಬೈಸಿಕೊಳ್ರಿ."

ಅಕ್ಕೋರು ತಂಬಿಗೆ ತುಂಬಿಕೊಳ್ಳದೆ ಹೋದರು. ಅವತ್ತು ಮಧ್ಯಾಹ್ನ ದುಂಡಗೆ ಕೂತಾಗ ಅವರ ಜಾಗ ಖಾಲಿ ಇತ್ತು. ಬಸ್ಸಿಗೆ ಹೋದರು ಅಂದ ಸಂಗಯ್ಯ. ಯಾವ ಊರಿನ ಬಸ್ಸು ಅಂತ ಅವನಿಗೂ ಗೊತ್ತಿರಲಿಲ್ಲ.

*

ಶಿಬಿರ ಮುಗಿಯುವವರೆಗೆ ಕೊಟ್ರೇಶಿ ಇರಲಿಲ್ಲ. ಆಶ್ರಮದ ಚಹಾ ಎರಡನೇ ಸಲವಲ್ಲ, ಎಷ್ಟನೆಯದೋ ಸಲ ಕುಡಿದಾಗಿತ್ತು. ಕಾಲು ತುರಿಸಲು ಹತ್ತಿತ್ತು.

ಅಂಗಳದಲ್ಲಿ ಕಂಬಳಿಗಳನ್ನು ಹರವಿ, ಬಿಸಿಲು ಕಾಣಿಸಿ, ಒಂದೊಂದಾಗಿ ಮಡಿಚಿದ. ಬಗ್ಗಿ ಮಡಿಚಿದ. ಮಂಡಿಯೂರಿ ಗಂಟು ಬಿಗಿದ. ಬಿಡುವಾದಾಗ ಹೊಳೆಯ ಮಣ್ಣಿನಲ್ಲಿ ಮಾಡಿದ್ದ ಒಂದು ಎತ್ತು ಅಲ್ಲೇ ಕಟ್ಟೆಯ ಮೇಲೆ ಒಣಗುತ್ತಿತ್ತು. ಎರಡೂ ಕೊಂಬು ಇದ್ದವು. ಅದನ್ನು ಗಂಟಿಗೆ ಹಾಕಲಿಲ್ಲ, ಅಲ್ಲೇ ಬಿಟ್ಟ.

ಕಸ ಕೀಳುತ್ತಿದ್ದ ಅಜ್ಜ ಹತ್ತಿರ ಬಂದ. ಎತ್ತು ನೋಡಿದ. ಹಿಣಲಿನ ಮೇಲೆ ಬೆರಳಾಡಿಸಿದ.

ಕೊಟ್ರೇಶಿ ಮೆಲ್ಲಗೆ ಮಾತು ತೆಗೆದ. "ಅಜ್ಜಾರ, ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಅವನ್ನ ಇನ್ನೂ ಕ್ಷಮಿಸಿಲ್ಲ."

"ನಾ ಕೇಳಿದ್ನೇನು?"

"ಇಲ್ರಿ."

"ಮತ್ತ?"

ಕೊಟ್ರೇಶಿ ಗಂಟಿನ ಹಗ್ಗ ಇನ್ನೊಮ್ಮೆ ಎಳೆದು ನೋಡಿದ. ಅಜ್ಜ ಸುತ್ತಿ ಬಂದು ಅವನ ಎದುರಿಗೆ ನಿಂತ. ಗಂಟಿನ ಒಂದು ತುದಿ ಹಿಡಿದ.

"ಎತ್ತಿ ಇಡ್ಲೇನು, ಬೆನ್ನ ಮ್ಯಾಲ?"

ಕೊಟ್ರೇಶಿ ಅಜ್ಜನ ಮುಖ ನೋಡಿದ. ತಿರುಗಿ ನಿಂತ. ತಾನಾಗಿ ಬಗ್ಗಿದ.

"ಇಡ್ರಿ."

ಗಂಟು ಬೆನ್ನ ಮೇಲೆ ಕೂತಿತು. ಕೊಟ್ರೇಶಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗಾದ. ಮೂಲೆಯಲ್ಲಿ ಬಿಟ್ಟಿದ್ದ ಕೆರ ಮೆಟ್ಟಿದ. ದಬ್ಬಣವನ್ನು ತಲೆಯ ಪಟಕದಲ್ಲಿ ಸಿಗಿಸಿಕೊಂಡ. ಇನ್ನೇನು ಹೊರಡಬೇಕು, ಮತ್ತೆ ನಿಂತ.

"ಬೆನ್ನು ಬಿಟ್ಟೈತ್ರಿ ಅಜ್ಜಾರ. ಸಿಟ್ಟು ಮಾತ್ರ ಬಿಟ್ಟಿಲ್ಲ, ಹಂಗ ಐತಿ. ಅದನ್ನ ಇಲ್ಲೇ ಇಟ್ಟು ಹೋಗಬೇಕೇನು?"

ಅಜ್ಜ ಕಸದ ಮೇಲೆ ಆಗಲೇ ಬಗ್ಗಿದ್ದ. ತಲೆ ಎತ್ತದೆ ಅಂದ:

"ಇಲ್ಲಿ ಜಾಗ ಇಲ್ಲ, ಹೊತ್ತುಕೊಂಡು ಹೋಗು. ದಾರ್ಯಾಗ ಯಾವುದಾದ್ರೂ ಸಾಲಿ ಸಿಕ್ರ, ಕಿಡಕ್ಯಾಗ ಒಮ್ಮೆ ಇಣುಕು, ಯಾವುದಾದ್ರೂ ಕೂಸು ಬಗ್ಗಿ ನಿಂತೈತೇನು ನೋಡು."